ಹಲ್ಲು ನೋಡಿ ಕೊಂಡ ಕರೆಂಟ್ ಕಾರು

ನಮ್ಮ ಭಾವ ಕಾರು ಕೊಂಡದ್ದು ಹಲ್ಲು ನೋಡಿ! ನಗಬೇಡಿ, ನಾನು ಪಕ್ಕದಲ್ಲೇ ನಿಂತಿದ್ದೆ. ಶಿರಾದ ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿಯ ಮುಂದೆ, ಹಾಡಹಗಲಲ್ಲಿ, ಹತ್ತು ಜನರ ಎದುರಿಗೆ, "ಎಲ್ಲಿ, ಒಸಿ ಬಾಯಿ ತೆಗೆಸ್ರಿ" ಎಂದು ಬಾನೆಟ್ ತೆಗೆಸಿ, ಬಗ್ಗಿ ನೋಡಿ, ಒಳಗೆ ಎರಡು ಬೆರಳು ಆಡಿಸಿ, "ಊಂ, ಇನ್ನೂ ನಾಲ್ಕು ಹಲ್ಲಿಂದು" ಎಂದು ತೀರ್ಪು ಕೊಟ್ಟರು. ಕುರಿ ಲೆಕ್ಕದಲ್ಲಿ ನಾಲ್ಕು ಹಲ್ಲೆಂದರೆ ಎರಡೇ ವರ್ಷ. ಗಾಡಿಗೆ ಆರು ವರ್ಷ ತುಂಬಿದೆ ಎಂದು ಅದರ ಕಾಗದಪತ್ರವೇ ಹೇಳುತ್ತಿತ್ತು. ಆದರೆ ಕಾಗದ ನೋಡಿ ವಯಸ್ಸು ತಿಳಿಯುವ ಗತಿಗೇಡು ನಮ್ಮ ಭಾವನಿಗೆ ಎಲ್ಲಿಂದ ಬರಬೇಕು?

ಹೆಸರು ಬರೆಯುವುದಿಲ್ಲ. ನನ್ನ ಅಕ್ಕನ ಗಂಡ ಎಂದರೆ ಸಾಕು. ಕೊಡಿಗೇನಹಳ್ಳಿಯಿಂದ ಮೂರು ಕಿಲೋಮೀಟರ್ ಒಳಗಿರುವ ಹಳ್ಳಿಯಲ್ಲಿ ಅರವತ್ತು ಕುರಿ, ಎರಡೆಕರೆ ಕಡಲೆಕಾಯಿ ಹೊಲ, ಒಂದು ಮೊಪೆಡ್ಡು ಮತ್ತು ಒಬ್ಬ ಹೆಂಡತಿ. ಅವರ ಆಸ್ತಿಯನ್ನು ಅವರೇ ಹೇಳುವ ಕ್ರಮ ಇದು. ತಾತ ಮುತ್ತಾತನ ಕಾಲದಿಂದಲೂ ಕುರಿಯ ಹಿಂದೆ ನಡೆದ ಮನೆತನ. ಹಾಗಾಗಿ ಅವರ ಪಾಲಿಗೆ ಲೋಕದಲ್ಲಿರುವುದು ಎರಡೇ: ಕುರಿ ಮತ್ತು ಕುರಿಯಲ್ಲದ್ದು. ಎರಡನೆಯದನ್ನೂ ಅವರು ಮೊದಲನೆಯದರ ಹಾಗೇ ಪರೀಕ್ಷೆ ಮಾಡುತ್ತಾರೆ. ನನಗೆ ಗಂಡು ಗೊತ್ತುಮಾಡುವಾಗ ಮನೆ ಕಡೆಯವರೆಲ್ಲ ಸಂಬಳ, ಕೆಲಸ, ಗೋತ್ರ ವಿಚಾರಿಸುತ್ತಿದ್ದರೆ ಇವರು ಎದ್ದು ಹೋಗಿ ಹುಡುಗನ ಭುಜ ಒತ್ತಿ ನೋಡಿ, "ಮೂಳೆ ಚೆನ್ನಾಗೈತೆ, ಮೇವು ಸಾಲ್ತಿಲ್ಲ" ಎಂದಿದ್ದರು. ನನ್ನ ಗಂಡ ಇವತ್ತಿಗೂ ಇವರು ಬಂದರೆ ಗೋಡೆಗೆ ಒರಗಿ ನಿಲ್ಲುತ್ತಾರೆ!

ಇಂಥವರಿಗೆ ಕಾರು ಯಾಕೆ ಬೇಕಾಯಿತು? ಅದಕ್ಕೆ ಕಾರಣ ನಮ್ಮ ಅಕ್ಕನ ಹೊಟ್ಟೆ.

ಅಕ್ಕನಿಗೆ ಡೀಸೆಲ್, ಪೆಟ್ರೋಲ್ ವಾಸನೆ ಆಗುವುದಿಲ್ಲ. ಆಗುವುದಿಲ್ಲ ಎಂದರೆ ಮೂಗು ಮುಚ್ಚಿಕೊಳ್ಳುವ ನಾಜೂಕಿನ ಮಾತಲ್ಲ. ಬಸ್ಸು ಸ್ಟ್ಯಾಂಡು ಬಿಡುವ ಮುಂಚೆಯೇ ಅವಳಿಗೆ ಹೊಟ್ಟೆ ತೊಳೆಸುತ್ತದೆ. ಎರಡನೇ ಮೈಲಿಗಲ್ಲು ದಾಟುವಷ್ಟರಲ್ಲಿ ಕರುಳು ಕಿತ್ತು ಬಾಯಿಗೆ ಬರುತ್ತದೆ. ನಿಂಬೆಹಣ್ಣು ಮೂಸಿದಳು, ಹುಣಸೆಹಣ್ಣು ಚೀಪಿದಳು, ಮಾತ್ರೆ ನುಂಗಿದಳು, ಯಾರೋ ಹೇಳಿದರೆಂದು ಪೇಪರಿನ ಮೇಲೆ ಕೂತಳು. ಪೇಪರು ಹಾಳಾಯಿತು ಅಷ್ಟೆ. ಎರಡು ಹೆರಿಗೆಗೂ ಅವ್ವನೇ ಗಂಟುಮೂಟೆ ಕಟ್ಟಿಕೊಂಡು ಇವಳ ಮನೆಗೆ ಬಂದಳು. ನಮ್ಮ ತವರು ಪಾವಗಡ ದಾಟಿ ಇನ್ನೂ ಆಚೆ, ಸೋಲಾರ್ ಹಲಗೆಗಳ ಸೀಮೆಯಲ್ಲಿ. ಅಕ್ಕನ ಊರಿಂದ ಅರವತ್ತು ಚಿಲ್ಲರೆ ಕಿಲೋಮೀಟರ್. ಅಪ್ಪ ತೀರಿಕೊಂಡ ದಿನ ಹಲ್ಲು ಕಚ್ಚಿ ಬಸ್ಸು ಹತ್ತಿದವಳು ಮಿಡಿಗೇಶಿಯಲ್ಲಿ ತಲೆತಿರುಗಿ ಬಿದ್ದಳು. ಅಲ್ಲಿಂದ ನಡೆದೇ ಹೊರಟು, ಸಿಕ್ಕ ಗಾಡಿಯಲ್ಲಿ ಕೂತು ಇಳಿದು, ಮಾರನೇ ದಿನ ಊರು ಮುಟ್ಟುವಷ್ಟರಲ್ಲಿ ಅಪ್ಪನನ್ನು ಮಣ್ಣು ಮಾಡಿ ಎಲ್ಲರೂ ಸ್ನಾನ ಮುಗಿಸಿದ್ದರು.

ಈಗ ಅವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು. ಆಪರೇಷನ್ ಆಗಿ ತಮ್ಮನ ಮನೆಯಲ್ಲಿ ಮಂಚ ಹಿಡಿದಿದ್ದಳು. ಇನ್ನು ಅವಳು ಮಗಳ ಮನೆಗೆ ಬರುವುದಂತೂ ಮುಗಿದ ಮಾತು. ಫೋನಿನ ವಿಡಿಯೋದಲ್ಲಿ ಅವ್ವನ ಮುಖಕ್ಕಿಂತ ತಮ್ಮನ ಹೆಬ್ಬೆಟ್ಟೇ ಹೆಚ್ಚು ಕಾಣುತ್ತಿತ್ತು. "ಅಪ್ಪನ ಮುಖಾನೂ ಸಿಗ್ನಿಲ್ಲ, ಅವ್ವಂದಾದ್ರೂ ಸಿಗ್ತೈತೋ ಇಲ್ವೋ" ಎಂದು ಅಕ್ಕ ಒಲೆ ಮುಂದೆ ಕೂತು ಅಳುತ್ತಿದ್ದರೆ ಭಾವ ಏನು ಮಾಡುತ್ತಿದ್ದರು ಅಂತೀರಿ? ಕುರಿಯ ಗೊರಸು ಕೆತ್ತುತ್ತಿದ್ದರು! ಸಮಾಧಾನದ ಒಂದು ಮಾತೂ ಆ ಬಾಯಿಂದ ಬಂದದ್ದನ್ನು ನಾನು ಕಂಡಿಲ್ಲ.

ನಾನು ಮಧುಗಿರಿಯಲ್ಲಿ ಟೀಚರು. ಒಂದು ದಿನ ಭಾವ ಕುರಿಗೆ ಜಂತಿನ ಔಷಧಿ ಕೊಳ್ಳಲು ಬಂದವರು ನಮ್ಮ ಶಾಲೆಗೆ ನುಗ್ಗಿ, ನಮ್ಮ ಹೆಡ್ ಮೇಡಂ ಹೊಸದಾಗಿ ತಂದಿದ್ದ ಕರೆಂಟ್ ಸ್ಕೂಟರಿನ ಸುತ್ತ ಎರಡು ಸುತ್ತು ಹಾಕಿದರು. ಆಮೇಲೆ ಮಕ್ಕಳೆಲ್ಲ ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದಂತೆ ಮಂಡಿಯೂರಿ ಅದರ ಹಿಂಭಾಗ ಮೂಸಿದರು!

"ಇದ್ಯಾಕೆ ಟೀಚರಮ್ಮ, ನಾರ್ತಾನೇ ಇಲ್ಲ?"

"ಭಾವ, ಏಳಿ ಮೇಲೆ! ಅದು ಕರೆಂಟಲ್ಲಿ ಓಡೋದು. ಪೆಟ್ರೋಲೇ ಇಲ್ಲ ಅದಕ್ಕೆ."

"ಇಂಥದ್ರಾಗೆ ಕಾರು ಸಿಗ್ತೈತಾ?"

"ಸಿಗ್ತವೆ. ಯಾಕೆ, ಅಕ್ಕನಿಗಾ?"

"ಅವ್ಳಿಗ್ಯಾಕೆ? ಕುರಿ ಔಷ್ಧಿ ತರಾಕೆ" ಎಂದು ಮಂಡಿಯ ಮಣ್ಣು ಕೊಡವಿಕೊಂಡು ಹೊರಟೇ ಹೋದರು. ಅರವತ್ತು ಕುರಿಯ ಔಷಧಿ ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ. ಅದಕ್ಕೆ ಕಾರು ಬೇಕಂತೆ!

ಹೊಸ ಕಾರಿನ ಬೆಲೆ ಕೇಳಿ ಅವರು ನಕ್ಕ ನಗು ಊರಿಗೆಲ್ಲ ಕೇಳಿಸಿತು. ಕೊನೆಗೆ ಮುಂದಿನ ಭಾನುವಾರ ಶಿರಾಕ್ಕೆ ಹೋದೆವು. ಅಂಗಡಿಯ ಸಾಹೇಬರು ಒಳ್ಳೆಯ ಮನುಷ್ಯರು. ಅವರಲ್ಲಿ ಕರೆಂಟ್ ಕಾರು ಎರಡಿದ್ದವು. ಮೊದಲನೆಯದು ಥಳಥಳ ಹೊಳೆಯುತ್ತಿತ್ತು. ಭಾವ ಬಾಗಿಲು ತೆಗೆದು ತಲೆ ಒಳಗಿಟ್ಟರು, ಮೂಸಿದರು, ಹೊರಗೆ ತೆಗೆದರು.

"ಬ್ಯಾಡ."

"ಯಾಕೆ ಭಾಯ್? ಒಂದು ಗೀರು ಇಲ್ಲ ನೋಡಿ!"

"ಸೆಂಟು ಹೊಡ್ದವ್ರೆ. ನಾತ."

ಸಾಹೇಬರು ಮೂವತ್ತು ವರ್ಷದ ವ್ಯಾಪಾರದಲ್ಲಿ ಸುವಾಸನೆಗೆ ತಿರಸ್ಕೃತವಾದ ಗಾಡಿಯನ್ನು ಕಂಡಿರಲಿಲ್ಲ. ಎರಡನೆಯದು ಬಡಪಾಯಿ. ಬಣ್ಣ ಮಾಸಿತ್ತು, ಒಂದು ಕಡೆ ನೆಗ್ಗಿತ್ತು. ಆದರೆ ವಾಸನೆ ಇರಲಿಲ್ಲ. ಭಾವ ಸೀಟು ಮೂಸಿದರು, ಡಿಕ್ಕಿ ಮೂಸಿದರು, ಕೆಳಗೆ ಮಲಗಿ ಹೊಗೆ ಕೊಳವೆ ಹುಡುಕಿದರು. "ಅರೆ, ಹೊಗೇನೇ ಇಲ್ಲ ಅಂದ್ರೆ ಕೊಳವೆ ಎಲ್ಲಿಂದ ತರ್ಲಿ ಭಾಯ್!" ಎಂದು ಸಾಹೇಬರು ಹಣೆ ಹಣೆ ಚಚ್ಚಿಕೊಂಡರು. ಇದಾದ ಮೇಲೆಯೇ ನಾನು ಆಗ ಹೇಳಿದ ಹಲ್ಲಿನ ತಪಾಸಣೆ. ಅದೂ ಮುಗಿದು ಇನ್ನೇನು ಬೆಲೆಯ ಮಾತು ಎನ್ನುವಾಗ ಭಾವ ಅಂಗಡಿಯ ಮೆಟ್ಟಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

"ಈಗ ತಿನ್ನಿಸ್ರಿ."

"ಏನು ತಿನ್ನಿಸ್ಲಿ?"

"ಕರೆಂಟು! ತಿನ್ನೋದು ನೋಡ್ದಲೇ ಕುರಿ ತಂದೋನು ನಮ್ಮ ವಂಶದಾಗೇ ಇಲ್ಲ."

ಮೂರೂವರೆ ಗಂಟೆ! ಕಾರು ಚಾರ್ಜ್ ಆಗುವುದನ್ನು ಭಾವ ಕಣ್ಣು ಮಿಟುಕಿಸದೆ ನೋಡಿದರು. ನಾನು ಎರಡು ಟೀ ಕುಡಿದೆ, ನಾಲ್ಕು ತರಗತಿಯ ಉತ್ತರ ಪತ್ರಿಕೆ ತಿದ್ದಿ ಮುಗಿಸಿದೆ. ಸಾಹೇಬರು ನಮಾಜಿಗೆ ಹೋಗಿ ಬಂದರು, ಊಟಕ್ಕೆ ಹೋಗಿ ಬಂದರು. "ನಿಧಾನಕ್ಕೆ ತಿಂತೈತೆ, ಆದ್ರೆ ಬಿಡ್ದಲೇ ತಿಂತೈತೆ. ರೋಗ ಇಲ್ಲ" ಎಂದು ಭಾವ ಕೊನೆಗೆ ಎದ್ದರು.

ಬೆಲೆ ಮಾತ್ರ ನನಗೆ ಗೊತ್ತಾಗಲಿಲ್ಲ. ಯಾಕೆಂದರೆ ಮಾತುಕತೆ ನಡೆದದ್ದು ಟವೆಲಿನ ಕೆಳಗೆ! ಕುರಿ ಸಂತೆಯಲ್ಲಿ ಹಾಗೇ ತಾನೆ? ಇಬ್ಬರ ಕೈಯ ಮೇಲೂ ಟವೆಲ್ ಹೊದಿಸಿ, ಒಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಬೆಲೆ ಹೇಳುವುದು. ಸುತ್ತ ನಿಂತವರಿಗೆ ಒಂದೂ ತಿಳಿಯಬಾರದು. ಸಾಹೇಬರು ನಕ್ಕು ಕೈಯೆಳೆದುಕೊಳ್ಳುತ್ತಾರೆ ಎಂದುಕೊಂಡೆ. ಎಲ್ಲಿ! ಅವರ ತಂದೆಯೂ ಕುರಿ ವ್ಯಾಪಾರದವರಂತೆ. ಕಣ್ಣು ಅರಳಿಸಿ ತೋಳು ಮಡಿಸಿಕೊಂಡು ಬಂದರು. ಟವೆಲು ಅಲ್ಲಾಡಿತು, ಕುಣಿಯಿತು, ಒಮ್ಮೆ ಸಾಹೇಬರು "ಯಾ ಅಲ್ಲಾ" ಎಂದು ಚೀರಿದರು, ಒಮ್ಮೆ ಭಾವ ಕೈ ಕೊಡವಿ ಹೊರಟಂತೆ ಮಾಡಿ ತಿರುಗಿ ಬಂದರು. ವ್ಯಾಪಾರ ಕುದುರಿತು. ಇಬ್ಬರೂ ಬಾಲ್ಯ ಸ್ನೇಹಿತರ ಹಾಗೆ ತಬ್ಬಿಕೊಂಡರು. ನಾನು ಮರಕ್ಕೆ ಕಟ್ಟಿದ ಮೇಕೆಯ ಹಾಗೆ ನಿಂತಿದ್ದೆ.

ಈಗ ಸಾಲದ ಕಥೆ ಕೇಳಿ. ಬ್ಯಾಂಕಿನಲ್ಲಿ ಮರ್ಯಾದಸ್ಥ ಯುವಕನೊಬ್ಬ ಸಾಲದ ಮೇಜಿನಲ್ಲಿದ್ದ. "ಗಾಡಿಯ ಬೆಲೆ ಎಷ್ಟು ಯಜಮಾನ್ರೇ?" ಎಂದು ಕೇಳಿದ. ಇದಕ್ಕಿಂತ ಸರಳವಾದ ಪ್ರಶ್ನೆ ಉಂಟೇ?

"ಹೇಳಂಗಿಲ್ಲ ಸಾರ್."

"ಅಂದ್ರೆ?"

"ಪ್ರಾಣಿ ಮನೆ ಸೇರೋಗಂಟ ರೇಟು ಬಾಯಾಗೆ ಆಡಂಗಿಲ್ಲ. ದೃಷ್ಟಿ ಆಯ್ತದೆ."

"ಬೆಲೆ ಹೇಳದಿದ್ರೆ ಸಾಲ ಹೆಂಗೆ ಕೊಡೋದು?"

ಭಾವ ಹಿಂದೆ ಮುಂದೆ ನೋಡಿದರು. ಹೆಗಲ ಮೇಲಿನ ಟವೆಲ್ ತೆಗೆದು ಮೇಜಿನ ಮೇಲೆ ಹಾಸಿದರು. "ಕೈ ಕೊಡಿ ಸಾರ್."

ಆ ಯುವಕ ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿನ ಬಡ್ಡಿದರದ ಪಟ್ಟಿಯನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ. ಹಿಂದೆ ಸಾಲಿನಲ್ಲಿ ನಿಂತವರು ಕತ್ತು ಉದ್ದ ಮಾಡಿದರು. ಕೊನೆಗೆ ಪಾಪ, ಅವನು ಟವೆಲಿನೊಳಗೆ ಕೈ ತೂರಿಸಿದ. ಭಾವ ಅವನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಬಿಟ್ಟರು. ಅವನು ಹೊರಗೆ ತೆಗೆದ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, "ಏನೂ ಗೊತ್ತಾಗ್ಲಿಲ್ಲ" ಎಂದ. "ಓದಿರೋರಿಗೆ ಬೆರಳ ಲೆಕ್ಕನೂ ಬರಾಕಿಲ್ವಲ್ಲ ಕಣಮ್ಮ!" ಎಂದು ಭಾವ ನನ್ನ ಕಡೆ ತಿರುಗಿ ಲೊಚಗುಟ್ಟಿದರು. ಆಮೇಲೆ ತಿಳಿದದ್ದು, ಅಷ್ಟು ಹಳೆಯ ಬ್ಯಾಟರಿಯ ಗಾಡಿಗೆ ಅಲ್ಲಿ ಸಾಲವೇ ಇಲ್ಲ ಅಂತ! ಆ ಯುವಕ ಒಳ್ಳೆಯ ಮನಸ್ಸಿನಿಂದ, "ಕುರಿ ಕೊಳ್ಳೋದಕ್ಕೆ ಬೇಕಾದ್ರೆ ಸಾಲ ಇದೆ" ಎಂದ. ಭಾವ ಎದ್ದು ನಿಂತು ಹೇಳಿದರು: "ಕುರಿ ಐತಲ್ಲ ಸಾರ್ ನನ್ತಾವ. ಇಲ್ದಿರೋದಕ್ಕೆ ಕೊಡಿ ಅಂದ್ರೆ ಇರೋದಕ್ಕೆ ಕೊಡ್ತೀನಿ ಅಂತೀರಲ್ಲ!"

ಸರಿ, ಹದಿನೈದು ಕುರಿ ಮಾರಿದರು. ಉಳಿದದ್ದಕ್ಕೆ ನನ್ನ ಟೀಚರುಗಳ ಸೊಸೈಟಿಯಲ್ಲಿ ನಾನೇ ಸಾಲ ಎತ್ತಿದೆ. ಬುದ್ಧಿಯಿದ್ದವರು ಯಾರಾದರೂ ಮಾಡುವ ಕೆಲಸವೇ? ಅಕ್ಕ ಒಲೆ ಮುಂದೆ ಕೂತದ್ದು ಕಣ್ಣಿಗೆ ಕಟ್ಟಿತ್ತು, ಸಹಿ ಹಾಕಿಬಿಟ್ಟೆ. ಭಾವ ಕಂತು ತಪ್ಪಿಸಿದವರಲ್ಲ. ಪ್ರತಿ ತಿಂಗಳು ಮೊದಲ ವಾರ ಸ್ಟಾಫ್ ರೂಮಿಗೆ ಬಂದು, ಎಲ್ಲರ ಎದುರು ನನ್ನ ಕೈ ಮೇಲೆ ಟವೆಲ್ ಹೊದಿಸಿ, ಅದರೊಳಗೆ ದುಡ್ಡು ತುರುಕಿ ಹೋಗುತ್ತಾರೆ! ನಮ್ಮ ಹೆಡ್ ಮೇಡಂ ಇದೇನು ಮಂತ್ರವಾದವೇ ಎಂದು ಎರಡು ಸಲ ಕೇಳಿದ್ದಾರೆ.

ಸಾಹೇಬರು ಲಾರಿಯ ಮೇಲೆ ಹೇರಿಸಿ ಕಳಿಸಿದ ಕಾರು ಮನೆಗೆ ಬಂತು. ಟ್ರ್ಯಾಕ್ಟರ್ ಓಡಿಸಿದ್ದ ಕೈಗೆ ಅದು ಒಗ್ಗಿತು. ಆದರೆ ಅದಕ್ಕೆ ಸದ್ದೇ ಇಲ್ಲವಲ್ಲ, ದಾರಿಯಲ್ಲಿ ಕೋಳಿ ಏಳುತ್ತಿರಲಿಲ್ಲ, ಕುರಿ ಸರಿಯುತ್ತಿರಲಿಲ್ಲ, ಕಟ್ಟೆಯ ಮುದುಕಿಯರು ಬೆಚ್ಚಿಬಿದ್ದು ಬೈಯುತ್ತಿದ್ದರು. ಭಾವ ಟಗರಿನ ಕೊರಳ ಗಂಟೆ ಮೂರನ್ನು ಮುಂದಿನ ಬಂಪರಿಗೆ ಕಟ್ಟಿದರು. ಈಗ ಕಾರು ಘಲಘಲ ಎಂದು ಬರುತ್ತದೆ. ಚಳಿಗೆ ಬ್ಯಾಟರಿ ಕುಂದುತ್ತದೆ ಎಂದು ಯಾರೋ ಹೇಳಿದ್ದೇ ತಡ, ಅದಕ್ಕೊಂದು ಕಂಬಳಿಯೂ ಬಂತು! ಅಕ್ಕ ಮಾತ್ರ ಹತ್ತಿರ ಸುಳಿಯಲಿಲ್ಲ. "ನನ್ನ ಹೊಟ್ಟೆ ನಂಗೊತ್ತು ಬುಡು, ಸುಮ್ಕೆ ದುಡ್ಡು ದಂಡ ಮಾಡಿದ್ರು" ಎನ್ನುತ್ತಿದ್ದಳು.

ಅಷ್ಟರಲ್ಲಿ ಇನ್ನೊಂದು ಸತ್ಯ ಹೊರಬಿತ್ತು. ಪೂರ್ತಿ ಚಾರ್ಜಿಗೆ ಎಂಬತ್ತು ಕಿಲೋಮೀಟರ್ ಎಂದಿದ್ದ ಗಾಡಿ ನಲವತ್ತಕ್ಕೇ ಉಸ್ಸಪ್ಪಾ ಎನ್ನುತ್ತಿತ್ತು. ನಾಲ್ಕು ಹಲ್ಲಿನ ಹೋತ! "ಈಗೇನು ಮಾಡ್ತೀರಿ ಭಾವ? ತವರು ಅರವತ್ತು ದಾಟುತ್ತೆ" ಎಂದು ಕೇಳಿದೆ. ಅವರು ಮೊಪೆಡ್ಡು ಹತ್ತಿ ಎರಡು ದಿನ ಕಾಣೆಯಾದರು.

ಹೋದದ್ದೆಲ್ಲಿಗೆ ಗೊತ್ತೇ? ಕುರಿ ಮಂದೆ ದೂರ ಹೊಡೆಯುವ ಮುಂಚೆ ಒಬ್ಬರು ಮುಂದಾಗಿ ಹೋಗಿ ನೀರೆಲ್ಲಿ, ಮೇವೆಲ್ಲಿ, ಯಾರ ಹೊಲದಲ್ಲಿ ಇಳಿಯುವುದು ಎಂದು ಗೊತ್ತುಮಾಡಿ ಬರುತ್ತಾರೆ. ಭಾವ ಕಾರಿಗೂ ಅದನ್ನೇ ಮಾಡಿದ್ದರು! ಮಿಡಿಗೇಶಿಯಲ್ಲಿ ಒಂದು ಹಿಟ್ಟಿನ ಗಿರಣಿ, ಪಾವಗಡಕ್ಕೆ ಮುಂಚೆ ಒಂದು ಕಡಲೆಕಾಯಿ ಮಂಡಿ. ಎರಡೂ ಕಡೆ ಪ್ಲಗ್ಗಿಗೆ ಮಾತಾಡಿ ಬಂದಿದ್ದರು. ದುಡ್ಡೆಷ್ಟು? ದುಡ್ಡಿಲ್ಲ. ಸುಗ್ಗಿ ಮುಗಿದ ಮೇಲೆ ಅವರವರ ಹೊಲದಲ್ಲಿ ಎರಡೆರಡು ರಾತ್ರಿ ಕುರಿ ನಿಲ್ಲಿಸುವುದು, ಗೊಬ್ಬರ ಅವರಿಗೆ. ಹೀಗೆ ಲೋಕದಲ್ಲಿ ಮೊದಲ ಸಲ ಕಾರಿನ ಕರೆಂಟ್ ಬಿಲ್ಲನ್ನು ಕುರಿಗಳು ಹಿಕ್ಕೆ ಹಾಕಿ ತೀರಿಸುವುದೆಂದು ತೀರ್ಮಾನವಾಯಿತು!

ಹೊರಡುವ ದಿನ ನಾನೂ ಬಂದಿದ್ದೆ. ಅಕ್ಕ ನಿಂಬೆಹಣ್ಣು, ಏಳು ಪ್ಲಾಸ್ಟಿಕ್ ಕವರು, ಒದ್ದೆ ಬಟ್ಟೆ ಎಲ್ಲ ಹಿಡಿದು ವಧ್ಯಸ್ಥಾನಕ್ಕೆ ಹೊರಟವಳ ಹಾಗೆ ಮುಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದಳು. ಗಂಟೆ ಘಲಘಲ ಎಂದವು. ಒಂದು ಕಲ್ಲು ದಾಟಿತು. ಎರಡು ದಾಟಿತು. ನಾನು ಹಿಂದಿನಿಂದ ಅವಳ ಕತ್ತನ್ನೇ ನೋಡುತ್ತಿದ್ದೆ. ಭಾವ ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಗಿ ಹಿಡಿದಿದ್ದರು. ಐದನೇ ಕಲ್ಲಿಗೆ ಅಕ್ಕ ಒಂದು ಕಣ್ಣು ತೆರೆದಳು. "ಏನ್ರೀ, ಇನ್ನೂ ಹೊರಟೇ ಇಲ್ವಾ?"

"ಹೊಲ ನೋಡು."

ಅವಳು ಹೊರಗೆ ನೋಡಿದಳು. ಹೊಲ ಹಿಂದಕ್ಕೆ ಓಡುತ್ತಿತ್ತು. ಅವಳು ಗಾಜು ಇಳಿಸಿ ಮುಖ ಹೊರಗಿಟ್ಟಳು. ಆಮೇಲೆ ಶುರುವಾಯಿತು ನೋಡಿ, ಇದ್ಯಾವ ಊರು, ಅದ್ಯಾವ ಬೆಟ್ಟ, ಆ ಕೆರೆ ಯಾರದು, ಅಲ್ಲಿ ಹುಣಸೆಮರ ಎಷ್ಟವೆ! ಭಾವ ಒಂದೊಂದಕ್ಕೂ ಉತ್ತರ ಹೇಳಿದರು. ಇಷ್ಟು ಮಾತು ಅವರ ಹೊಟ್ಟೆಯಲ್ಲಿ ಎಲ್ಲಿತ್ತೋ!

ಗಿರಣಿಯಲ್ಲಿ ಎರಡೂವರೆ ಗಂಟೆ ಕೂತೆವು. ಕಡಲೆಕಾಯಿ ಮಂಡಿಯಲ್ಲಿ ಮೂರು ಗಂಟೆ. ಅಲ್ಲಿಯ ಮಾಲೀಕರು, "ರಾ ಬಾವಾ ರಾ, ಕರೆಂಟು ಎಂತ ಕಾವಾಲಂಟೆ ಅಂತ ತೀಸ್ಕೋ" ಎಂದು ತೆಲುಗಿನಲ್ಲೇ ಉಪಚಾರ ಮಾಡಿ, ಬೇಕಾದಷ್ಟು ಕರೆಂಟಿನ ಜೊತೆಗೆ ನಮಗೆಲ್ಲ ಬೇಯಿಸಿದ ಕಡಲೆಕಾಯಿಯನ್ನೂ ಕೊಟ್ಟರು. ಅರವತ್ತು ಕಿಲೋಮೀಟರಿಗೆ ಎಂಟು ಗಂಟೆ! ಊರು ಮುಟ್ಟಿದಾಗ ಸಂಜೆ ಬಿಸಿಲು ಇಳಿಯುತ್ತಿತ್ತು. ಕಣ್ಣು ಹಾಯುವಷ್ಟು ದೂರ ಸೋಲಾರ್ ಹಲಗೆಗಳು ಮಿನುಗುತ್ತಿದ್ದವು, ತಮ್ಮನ ಮನೆಯಲ್ಲಿ ಕರೆಂಟ್ ಹೋಗಿತ್ತು!

ಅವ್ವ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದಳು. ಬರುತ್ತೇವೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಬರಲಾಗದಿದ್ದರೆ ಎಂಬ ಭಯ. ಅಕ್ಕ ಹೋಗಿ ಮಂಚದ ಅಂಚಿನಲ್ಲಿ ಕಾಲು ಮಡಿಸಿ ಕೂತು "ಅವ್ವಾ" ಎಂದಳು. ಅವ್ವ ಮುಖ ನೋಡಲಿಲ್ಲ ಮೊದಲು. ಕೈ ಚಾಚಿ ಅಕ್ಕನ ಪಾದ ಮುಟ್ಟಿದಳು, ಹಿಮ್ಮಡಿ ಸವರಿದಳು, ಬೆರಳು ಸಂದಿಯ ಮಣ್ಣು ಹುಡುಕಿದಳು.

"ನಡ್ಕಂಡು ಬಂದ್ಯೇನೇ ನನ್ತಾಯಿ?"

"ಇಲ್ಲ ಕಣವ್ವಾ, ಕಾರ್ನಾಗೆ ಬಂದೆ. ದಾರಿಯೆಲ್ಲಾ ನೋಡ್ಕಂಡು ಬಂದೆ" ಎಂದಳು ಅಕ್ಕ. ಆಮೇಲೆ ಇಬ್ಬರೂ ತಬ್ಬಿಕೊಂಡು ಅತ್ತರು. ನಾನು ಹೊರಗೆ ಬಂದೆ.

ಭಾವ ಕಾರಿನ ನೆರಳಿನಲ್ಲಿ ಕೂತಿದ್ದರು. ನನಗೆ ಕಣ್ಣು ತುಂಬಿತ್ತು, ಆದರೂ ಚುಚ್ಚುವುದು ಬಿಡಲಿಲ್ಲ. "ಕುರಿ ಔಷಧಿ ತರೋಕೆ ಇಷ್ಟು ದೂರ ಬಂದ್ರಾ ಭಾವ?" ಎಂದೆ. ಅವರು ತಲೆ ಎತ್ತಲಿಲ್ಲ. ನೆಲದ ಮೇಲೆ ಕಡ್ಡಿಯಲ್ಲಿ ಗೀಚುತ್ತಾ ಹೇಳಿದರು:

"ಮದ್ವೆ ದಿನ ನಿಮ್ಮಕ್ಕ ದಿಬ್ಬಣದ ಲಾರಿನಾಗೆ ವಾಂತಿ ಮಾಡ್ಕಂಡ್ಲು. ನನ್ನ ಹೊಸ ಪಂಚೆ ಮ್ಯಾಲೆ. ಹುಡುಗ್ರೆಲ್ಲ ನಕ್ರು. ನಂಗೆ ಸಿಟ್ಟು ಬಂತು ಕಣಮ್ಮ. ಇಂಥೋಳ್ನ ಕಟ್ಕಂಡು ನಾನೆಲ್ಲಿಗೆ ಹೋಗ್ಲಿ ಅಂದ್ಬುಟ್ಟೆ. ಎಲ್ರ ಮುಂದೇನೆ ಅಂದೆ. ಅವತ್ತಿಂದ ಇವತ್ತಿನಗಂಟ ಅವ್ಳು, ಏನ್ರೀ, ಅಲ್ಲಿಗೆ ಕರ್ಕಂಡು ಹೋಗ್ರಿ ಅಂತ ಒಂದು ದಿನ ಕೇಳಿಲ್ಲ. ಒಂದು ದಿನನೂ ಕೇಳಿಲ್ಲ."

ಇಪ್ಪತ್ತಾರು ವರ್ಷ! ಈ ಮನುಷ್ಯನಿಗೆ ಮನಸ್ಸೆಂಬುದು ಇದೆಯೇ ಎಂದು ನಾನು ಇಪ್ಪತ್ತಾರು ವರ್ಷ ಹಾಸ್ಯ ಮಾಡಿದ್ದೆ. ಅಷ್ಟು ವರ್ಷವೂ ಅವರು ಆ ಒಂದು ಮಾತನ್ನು ಹೊತ್ತುಕೊಂಡೇ ಕುರಿ ಹಿಂದೆ ನಡೆದಿದ್ದರು. ಅವರ ಪಕ್ಕದಲ್ಲಿ ಕೂತುಕೊಂಡೆ.

ನಾಲ್ಕು ದಿನ ಇದ್ದೆವು. ಅಕ್ಕ ಅವ್ವನಿಗೆ ಎರೆದಳು, ತಲೆ ಬಾಚಿದಳು, ಮುದ್ದೆ ಕಿವುಚಿ ಉಣಿಸಿದಳು. ಹೊರಡುವ ಬೆಳಿಗ್ಗೆ ಗಾಡಿ ಹೊಟ್ಟೆ ತುಂಬ ಚಾರ್ಜ್ ಆಗಿತ್ತು. ಅಕ್ಕ ಮುಂದೆ ಕೂತು ಸೆರಗು ಸರಿಮಾಡಿಕೊಂಡಳು. ಭಾವ ಹೊರಡಿಸಲು ಕೈ ಇಟ್ಟಾಗ ಅವಳು ಅವರ ಕಡೆ ನೋಡದೆಯೇ, ಕಿಟಕಿಯಾಚೆಗೆ ಹೇಳುವವಳ ಹಾಗೆ, ಮೆಲ್ಲಗೆ ಅಂದಳು:

"ಏನ್ರೀ, ಮದಲೂರು ಕೆರೆ ತುಂಬೈತಂತೆ. ತೋರಿಸ್ಕಂಡು ಹೋಗ್ತೀರಾ?"

ಮದಲೂರು ಇರುವುದು ಶಿರಾ ತಾಲ್ಲೂಕಿನಲ್ಲಿ. ನಮ್ಮ ದಾರಿಯಲ್ಲಂತೂ ಅಲ್ಲವೇ ಅಲ್ಲ. ಆ ಕಡೆ ಒಂದು ಗಿರಣಿಯಿಲ್ಲ, ಮಂಡಿಯಿಲ್ಲ, ಮಾತಾಡಿಟ್ಟ ಒಂದು ಪ್ಲಗ್ಗೂ ಇಲ್ಲ. ಗಾಡಿ ಎಲ್ಲಿ ನಿಲ್ಲುತ್ತದೋ ದೇವರಿಗೇ ಗೊತ್ತು. ಇಷ್ಟೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು.

ಭಾವ ಹೆಗಲ ಮೇಲಿನ ಟವೆಲ್ ತೆಗೆದು ಎದುರಿನ ಗಾಜು ಒರೆಸಿದರು.

"ಹೋಗಣ ಬುಡು" ಎಂದರು.